ಮುಸಾಶಿ ಬರುವ ದಿಕ್ಕು

ಲಾಬುವಾನ್
14 ಮಾರ್ಚ್ 2015

ತುಳಸಿ ಅವರಿಗೆ,

ಕಳೆದ ನವೆಂಬರಿನಲ್ಲಿ, ಕ್ವಾಲಾಲಂಪುರದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿದ್ದವನು ನಾನು. ಹೊನ್ನಾವರದ ಮುಕ್ತಾರ್, ಹಡಗು ತಪಾಸಣೆಯ ಕೆಲಸ. ಪೆನಾಂಗ್‌ನ ಕಾರ್ಖಾನೆಯಲ್ಲಿ ಜಪಾನಿ ಕಾಗದಪತ್ರಗಳನ್ನು ಅನುವಾದಿಸುತ್ತೇನೆ ಎಂದು ನೀವು ಹೇಳಿದಿರಿ. ಅದಕ್ಕೆ ಏನು ಹೇಳಬೇಕೆಂದು ತಿಳಿಯದೆ ನಾನು ಚಿತ್ರಾನ್ನ ಚೆನ್ನಾಗಿದೆ ಎಂದೆ.

ಕ್ಲಾಂಗ್ ಬಂದರಿನಿಂದ ನನ್ನನ್ನು ಈ ದ್ವೀಪಕ್ಕೆ ಕಳಿಸಿದ್ದಾರೆ. ತೈಲದ ಬೆಲೆ ಬಿದ್ದ ಮೇಲೆ ಕೆಲಸವಿಲ್ಲದ ಹಡಗುಗಳನ್ನೆಲ್ಲ ತಂದು ಇಲ್ಲಿಯ ಕೊಲ್ಲಿಯಲ್ಲಿ ಲಂಗರು ಹಾಕಿಸುತ್ತಿದ್ದಾರೆ. ಅವು ತುಕ್ಕು ಹಿಡಿಯುವುದನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ.

ದೋಣಿ ನಿಲ್ದಾಣದ ಪಕ್ಕದಲ್ಲಿ ದಾಯಾಂಗ್ ಎಂಬ ಮುದುಕಿಯ ತಿಂಡಿ ಅಂಗಡಿಯಿದೆ. ಹೋದ ವಾರ ಅಲ್ಲಿಯ ಟೀವಿಯಲ್ಲಿ ಒಂದು ಸುದ್ದಿ ಬಂತು. ಫಿಲಿಪೀನ್ಸ್ ಸಮುದ್ರದ ತಳದಲ್ಲಿ ಮುಸಾಶಿ ಸಿಕ್ಕಿದೆ. ಜಪಾನಿಗಳು ಕಟ್ಟಿದ ಯುದ್ಧನೌಕೆ. ಜಗತ್ತಿನಲ್ಲಿ ಅದರಷ್ಟು ದೊಡ್ಡದು ಅದರ ಜೋಡಿ ಹಡಗೊಂದೇ. 1944ರ ಅಕ್ಟೋಬರಿನಲ್ಲಿ, ಇಲ್ಲಿಂದಲೇ, ಈ ಕೊಲ್ಲಿಯಿಂದಲೇ ಹೊರಟು ಎರಡು ದಿನಕ್ಕೆ ಮುಳುಗಿದ್ದು. ದಾಯಾಂಗ್ ಒಲೆ ಆರಿಸಿ ಸುದ್ದಿ ಮುಗಿಯುವವರೆಗೂ ನಿಂತು ನೋಡಿದಳು. ಮರುದಿನ ಎಣ್ಣೆಬಟ್ಟೆಯಲ್ಲಿ ಸುತ್ತಿದ ನೋಟುಪುಸ್ತಕವೊಂದನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಪೂರ್ತಿ ಜಪಾನಿ ಅಕ್ಷರ.

ಮೊದಲ ಹತ್ತು ಹಾಳೆಗಳ ಜೆರಾಕ್ಸ್ ಇದರೊಂದಿಗಿದೆ. ಫೋನ್ ಮಾಡಬಹುದಿತ್ತು. ಜೆರಾಕ್ಸ್ ಹೇಗೂ ಅಂಚೆಯಲ್ಲೇ ಬರಬೇಕು, ಅದರ ಜೊತೆಗೆ ನಾಲ್ಕು ಸಾಲು ಇರಲಿ ಎಂದುಕೊಂಡೆ.

ಮುಕ್ತಾರ್


ಬಯಾನ್ ಲೆಪಾಸ್
2 ಏಪ್ರಿಲ್ 2015

ಮುಕ್ತಾರ್ ಅವರಿಗೆ,

ಚಿತ್ರಾನ್ನಕ್ಕೆ ಅಂದು ಉಪ್ಪು ಕಡಿಮೆಯಾಗಿತ್ತು. ನೀವು ಸಭ್ಯರು ಎಂದುಕೊಂಡೆ.

ನಿಮ್ಮ ಲಕೋಟೆ ಬಂದಾಗ ನಮ್ಮ ವಿಭಾಗದ ಹುಬ್ಬಳ್ಳಿಯ ಎಂಜಿನಿಯರ್ ಮಹಿತ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ‘ಮೇಡಂ, ಯಾರ್ ಬರೀತಾರ್ರೀ ಈಗ ಪತ್ರ? ಕೋರ್ಟ್ ನೋಟಿಸ್ ಏನ್ ಮತ್ತ?’ ಎಂದ. ಕನ್ನಡದ ಕೈಬರಹ ಅವನಿಗೆ ಓದಲು ಬರಲಿಲ್ಲ. ನಾನೂ ಮೊದಲ ಸಾಲಿನಲ್ಲಿ ತಡವರಿಸಿದೆ.

ನಾನು ದಿನವೂ ಅನುವಾದಿಸುವುದು ದೋಷಗಳ ವರದಿ. ಎಲ್ಲಿ ಬಿರುಕು, ಯಾವ ಪಾಳಿಯಲ್ಲಿ, ಯಾರ ಹೊಣೆ. ಈ ಬರಹ ಬೇರೆ. ಹಳೆಯ ಅಕ್ಷರಗಳು, ಅವಸರದ ಕೈ. ಸಂಜೆಗೆ ಒಂದು ಹಾಳೆಯಂತೆ ಓದಬಲ್ಲೆ. ಹೆಸರು ಇರಬೇಕಾದ ಮೊದಲ ಹಾಳೆಯ ಮೂಲೆಯನ್ನು ಬ್ಲೇಡಿನಿಂದ ಕತ್ತರಿಸಿದ್ದಾರೆ. ನೀವಲ್ಲವಷ್ಟೆ?

ಒಂದು ಮಾತು. ಪುಸ್ತಕದ ಒಡತಿಗೆ ಅದರಿಂದ ಏನು ಬೇಕು ಎಂದು ಕೇಳಿ ಬರೆಯಿರಿ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದೆ ಅನುವಾದಿಸಿದರೆ ಎಲ್ಲವೂ ಒಂದೇ ತೂಕದ್ದಾಗಿ ಕಾಣುತ್ತದೆ.

ತುಳಸಿ


ಲಾಬುವಾನ್
19 ಏಪ್ರಿಲ್ 2015

ತುಳಸಿ ಅವರಿಗೆ,

ಕೇಳಿದೆ. ಅವಳು ಬಾಳೆ ಎಲೆಯಲ್ಲಿ ಅನ್ನ ಕಟ್ಟುತ್ತಿದ್ದಳು.

‘ಮಕ್ ಚಿಕ್, ಪುಸ್ತಕದಲ್ಲಿ ಏನು ಹುಡುಕಬೇಕು?’ ಅಂದೆ. ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯಬೇಕು, ಚಿಕ್ಕಮ್ಮ ಅಂದ ಹಾಗೆ; ಮಾತಿನ ಕೊನೆಗೆ ಅವರು ಸೇರಿಸುವ ‘ಲಾ’ ನಮ್ಮ ‘ಮಾರಾಯ’ ಇದ್ದ ಹಾಗೆ.

‘ಹಡಗು ನನಗೆ ಬೇಡ ಲಾ. ಹಡಗಿನ ಕಥೆ ಟೀವಿಯವರು ಹೇಳ್ತಾರೆ. ಈ ಮನೆಯವರು ಯಾರಾದರೂ ಅದರಲ್ಲಿ ಇದ್ದಾರಾ ನೋಡು. ನಮ್ಮಮ್ಮನ ಬಗ್ಗೆ ಒಂದು ಸಾಲು ಇದ್ದರೆ ಸಾಕು.’

‘ನಿಮ್ಮ ಅಮ್ಮ ಏನೂ ಹೇಳಲಿಲ್ವಾ?’

‘ನಮ್ಮಮ್ಮ ಅಕ್ಕಿ ಇದೆ, ಅಕ್ಕಿ ಇಲ್ಲ, ಇಷ್ಟೇ ಹೇಳಿದವಳು. ನೀನು ಇಂಡಿಯಾ ಕಡೆಯ ಹೋಟೆಲಿನ ಮಾಮಾಕ್‌ಗಳ ಥರ ಪ್ರಶ್ನೆ ಜಾಸ್ತಿ ಕೇಳ್ತೀಯ. ತಿನ್ನು.’

ತಾಯಿ ಸತ್ತು ಮೂವತ್ತು ವರ್ಷವಾಗಿದೆ. ಪುಸ್ತಕವನ್ನು ಅಕ್ಕಿಯ ಡಬ್ಬದ ತಳದಲ್ಲಿ ಇಟ್ಟಿದ್ದಳಂತೆ.

ನನಗೆ ತಿಳಿದಷ್ಟು ಹೇಳುತ್ತೇನೆ. ಮೊನ್ನೆ ಆಸ್ಪತ್ರೆಯ ಅರ್ಜಿ ತುಂಬಿಸಿಕೊಡುವಾಗ ಅವಳ ಗುರುತಿನ ಚೀಟಿ ನೋಡಿದೆ. ದಾಯಾಂಗ್ ಬಿಂತಿ ಅಬ್ದುಲ್ಲಾ, ಹುಟ್ಟಿದ್ದು 1945ರ ಡಿಸೆಂಬರ್. ಅಂದರೆ ತಂದೆ ಅಬ್ದುಲ್ಲಾ. ಯುದ್ಧದಲ್ಲಿ ಅವನು ಬಹುಶಃ ಜಪಾನಿಗಳ ಬಳಿ ಕೂಲಿ ಮಾಡಿರಬೇಕು, ತಾಯಿ ಬಟ್ಟೆ ಒಗೆದಿರಬೇಕು. ಯಾವನೋ ಸೈನಿಕ ಓಡುವಾಗ ಪುಸ್ತಕವನ್ನು ಆ ಮನೆಯಲ್ಲಿ ಬಿಟ್ಟುಹೋಗಿದ್ದಾನೆ. ತಂದೆಯ ಬಗ್ಗೆ ಅವಳು ಮಾತನಾಡುವುದಿಲ್ಲ, ನಾನೂ ಕೇಳಲಿಲ್ಲ.

ಉಳಿದ ಹಾಳೆಗಳನ್ನೆಲ್ಲ ಕಳಿಸುತ್ತಿದ್ದೇನೆ, ಐವತ್ತೊಂದು ಇವೆ. ಮೂಲೆ ಕತ್ತರಿಸಿದ್ದು ನಾನಲ್ಲ.

ಮುಕ್ತಾರ್


ಬಯಾನ್ ಲೆಪಾಸ್
30 ಮೇ 2015

ಮುಕ್ತಾರ್ ಅವರಿಗೆ,

ಈತ ನಾಗಸಾಕಿಯವನು, ಹಗ್ಗ ಹೊಸೆಯುವವನು. 1938ರಲ್ಲಿ ಹಡಗುಕಟ್ಟೆಯವರು ಬಂದು ಊರಲ್ಲಿದ್ದ ತಾಳೆನಾರನ್ನೆಲ್ಲ ಕೊಂಡುಕೊಂಡರು. ಮೀನುಗಾರರಿಗೆ ಬಲೆ ಕಟ್ಟಲು ಹಗ್ಗ ಸಿಗದಾಯಿತು. ಯಾಕೆಂದು ಯಾರಿಗೂ ಗೊತ್ತಿಲ್ಲ. ಇವನನ್ನೂ ಕರೆದು ಪ್ರಮಾಣ ಮಾಡಿಸಿ ಒಳಗೆ ಬಿಟ್ಟರು. ಕೆಲಸ ಇಷ್ಟೆ: ಆ ಹಗ್ಗಗಳಿಂದ ಪರದೆ ಹೆಣೆಯುವುದು, ಕಟ್ಟುತ್ತಿರುವ ಹಡಗು ಗುಡ್ಡದ ಮೇಲಿನಿಂದಲೂ ಸಮುದ್ರದಿಂದಲೂ ಕಾಣದಂತೆ ಇಳಿಬಿಡುವುದು. ಅವನ ಮಾತಲ್ಲೇ ಕೊಡುತ್ತೇನೆ.

‘ಹಡಗನ್ನು ನಾನು ಪೂರ್ತಿ ನೋಡಿಲ್ಲ. ಪರದೆಗೆ ಅಷ್ಟು ಹತ್ತಿರ ಇದ್ದವನಿಗೆ ಕಾಣುವುದು ಗೋಡೆ ಮಾತ್ರ. ಬೀದಿಯಲ್ಲಿ ಜನ ಆ ಕಡೆ ತಲೆ ಎತ್ತದೆ ನಡೆಯಲು ಕಲಿತರು. ಮಕ್ಕಳೂ ಕಲಿತರು.’

ನೀರಿಗೆ ಇಳಿಸಿದ ದಿನ ಬಾಂಬ್ ದಾಳಿಯ ಅಭ್ಯಾಸವೆಂದು ಊರಿನವರನ್ನು ಮನೆಯೊಳಗೆ ಕೂರಿಸಿದರಂತೆ. ಹಡಗು ಜಾರಿದಾಗ ಎದ್ದ ಅಲೆ ಆಚೆ ದಡದ ಮನೆಗಳಿಗೆ ನುಗ್ಗಿತು. ‘ಅತ್ತೆಯ ಮನೆಯ ಚಾಪೆಗಳೆಲ್ಲ ನೆನೆದವು. ಮಳೆಯಿಲ್ಲ, ಗಾಳಿಯಿಲ್ಲ, ನೀರು ಎಲ್ಲಿಂದ ಬಂತೋ ಎಂದು ಅವಳು ನನ್ನನ್ನೇ ಕೇಳಿದಳು. ಸಮುದ್ರಕ್ಕೆ ಹುಚ್ಚು ಹಿಡಿದಿದೆ ಎಂದೆ. ಚಾಪೆ ಒಣಗಿಸಲು ಸಹಾಯ ಮಾಡಿದೆ.’

ಮುಂದೆ ಅವನನ್ನು ನೌಕಾಸೇನೆಗೆ ಸೇರಿಸಿಕೊಂಡು ಅದೇ ಹಡಗಿಗೆ ಹಾಕಿದರು.

ಇದನ್ನು ಓದಿದ ಸಂಜೆ ನಾನು ಬಾಲ್ಕನಿಗೆ ಹೋಗಿ ನಿಂತೆ. ಎದುರಿನ ಕಟ್ಟಡದಲ್ಲಿ ಇನ್ನೂರು ಬಾಲ್ಕನಿಗಳಿವೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಆ ಕಡೆಯವರ ಒಂದು ಮುಖವೂ ನನಗೆ ಪರಿಚಯವಿಲ್ಲ. ಇದನ್ನು ಯಾಕೆ ಬರೆದೆ ತಿಳಿಯದು. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ.

ಈದ್‌ಗೆ ಪುಚೊಂಗ್‌ಗೆ, ಹೆಂಡತಿ ಮಗಳಿರುವ ಮನೆಗೆ ಹೋಗುತ್ತೀರಲ್ಲವೆ?

ತುಳಸಿ


ಲಾಬುವಾನ್
21 ಜುಲೈ 2015

ತುಳಸಿ ಅವರಿಗೆ,

ಮುಸಾಶಿಯ ಫಿರಂಗಿಗಳ ಬಾಯಿ ಸುಮಾರು ಒಂದೂವರೆ ಅಡಿ ಅಗಲವಿತ್ತಂತೆ. ಒಂದೊಂದು ಗುಂಡಿನ ತೂಕ ಒಂದು ಆನೆಮರಿಯಷ್ಟಲ್ಲ, ಆನೆಮರಿ ಮತ್ತು ಮಾವುತ ಇಬ್ಬರಷ್ಟು. ಅಂಥ ಹಡಗನ್ನು ಮೇಲಿನಿಂದ ಬಂದ ವಿಮಾನಗಳು ಒಂದು ಹಗಲಿಡೀ ಕುಕ್ಕಿ ಮುಳುಗಿಸಿದವು. ಸಾವಿರಕ್ಕೂ ಮೇಲೆ ಜನ ಹೋದರು. ಉಳಿದವರನ್ನು, ಸುದ್ದಿ ಹೊರಗೆ ಬೀಳಬಾರದೆಂದು, ಬೇರೆ ದ್ವೀಪದಲ್ಲಿ ಕೂಡಿಹಾಕಿದರು. ಹುಟ್ಟಿದ್ದನ್ನೂ ಬಚ್ಚಿಟ್ಟರು, ಸತ್ತದ್ದನ್ನೂ ಬಚ್ಚಿಟ್ಟರು.

ಈದ್ ಇಲ್ಲೇ ಆಯಿತು. ಆಸ್ಫಿಯಾ ಫೋನ್ ಮಾಡಿದ್ದಳು. ಹದಿನಾರು ತುಂಬಿದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ‘ಊಟ ಆಯ್ತಾ ಮಗಳೇ?’ ‘ಯೆಸ್ ಅಬ್ಬಾ.’ ‘ಅಮ್ಮಿ ಏನು ಮಾಡ್ತಿದ್ದಾಳೆ?’ ‘ಬಿಝಿ ಲಾ ಅಬ್ಬಾ.’ ಖುಶ್ನುಮಾ ಪಕ್ಕದಲ್ಲೇ ಇದ್ದಳು, ಬಳೆಯ ಸದ್ದು ಕೇಳಿಸಿತು.

ದಾಯಾಂಗ್ ನನಗೆ ಹಬ್ಬದ ಊಟ ಕಟ್ಟಿಕೊಟ್ಟಳು. ‘ಹೆಂಡತಿ ಓಡಿಸಿದಳಾ, ನೀನೇ ಓಡಿಬಂದಿಯಾ?’ ಎಂದಳು. ನಂತರ, ಬೇರೆ ಯಾವುದೋ ಮಾತಿನಂತೆ, ‘ಪೆನಾಂಗ್‌ನವಳು ಏನಂತಾಳೆ?’ ಎಂದಳು. ದಿನಕ್ಕೊಮ್ಮೆ ಕೇಳುತ್ತಾಳೆ.

ಮುಕ್ತಾರ್


ಬಯಾನ್ ಲೆಪಾಸ್
9 ಆಗಸ್ಟ್ 2015

ಮುಕ್ತಾರ್ ಅವರಿಗೆ,

ಹಡಗಿನ ಬಗ್ಗೆ ನೀವು ಉದ್ದಕ್ಕೆ ಬರೆದಾಗಲೆಲ್ಲ ನಾನು ಕೇಳಿದ ಯಾವುದೋ ಪ್ರಶ್ನೆ ಅಡಿಯಲ್ಲಿ ಹೂತುಹೋಗಿರುತ್ತದೆ. ಇರಲಿ.

ಕೆಲಸ ಮುಗಿಯಿತು. ಟೈಪ್ ಮಾಡಿದ ಪ್ರತಿ ಇದರೊಂದಿಗಿದೆ. ಚಳಿಜ್ವರ ಬಂದಿದ್ದರಿಂದ ಅವನನ್ನು 1944ರ ಅಕ್ಟೋಬರ್ 21ರಂದು ನಿಮ್ಮ ದ್ವೀಪದಲ್ಲಿ ಇಳಿಸಿದರು. ಮರುದಿನ ಬೆಳಿಗ್ಗೆ ಹಡಗು ಈಶಾನ್ಯಕ್ಕೆ ಹೊರಟಿತು. ಹಿಂದಿರುಗುವಾಗ ಕರೆದುಕೊಳ್ಳುತ್ತೇವೆ ಎಂದಿದ್ದರು. ಎರಡು ದಿನಕ್ಕೇ ಅದು ಮುಳುಗಿದ್ದು ಅವನಿಗೆ ಯಾರೂ ಹೇಳಲಿಲ್ಲ. ಮುಂದಿನ ಏಳು ತಿಂಗಳ ಬರಹದಲ್ಲಿ ದಿನದ ಮೊದಲ ಸಾಲು ಒಂದೇ: ‘ಈಶಾನ್ಯ ನೋಡಿದೆ. ಇಲ್ಲ.’ ಕೆಲವು ದಿನ ಅದರ ಕೆಳಗೆ ಮಳೆ, ಜ್ವರ, ಅಕ್ಕಿ. ಹೆಚ್ಚಿನ ದಿನ ಅದೊಂದೇ ಸಾಲು. ಅದೇ ಸಾಲನ್ನು ಇನ್ನೂರು ಸಲ ಟೈಪ್ ಮಾಡಿದೆ. ಒಮ್ಮೆ ಬರೆದು ‘ಇದೇ ರೀತಿ’ ಎಂದು ಹಾಕಬಹುದಿತ್ತು, ಮನಸ್ಸು ಬರಲಿಲ್ಲ.

ಕೊನೆಯ ನಾಲ್ಕು ಹಾಳೆ ಓದಲಾಗಲಿಲ್ಲ. ನೀರು ಬಿದ್ದು ಶಾಯಿ ಹರಡಿದೆ. ಆ ಮನೆಯ ಬಗ್ಗೆ ಬೇರೆಲ್ಲೂ ಏನೂ ಇಲ್ಲ ಎಂದು ತಿಳಿಸಿ.

ತುಳಸಿ


ಲಾಬುವಾನ್
30 ಆಗಸ್ಟ್ 2015

ತುಳಸಿ ಅವರಿಗೆ,

ಮಧ್ಯಾಹ್ನ ಅಂಗಡಿ ಮುಚ್ಚಿ, ಮೇಜು ಒರೆಸಿ, ತಲೆವಸ್ತ್ರ ಸರಿಮಾಡಿಕೊಂಡು ಕುಳಿತಳು. ನಾನು ಓದುತ್ತಾ ಮಲಯ ಭಾಷೆಯಲ್ಲಿ ಹೇಳುತ್ತಾ ಹೋದೆ. ಹಗ್ಗ, ಪರದೆ, ಅಲೆ. ‘ಈಶಾನ್ಯ ನೋಡಿದೆ’ ಬಂದಾಗ ಒಮ್ಮೆ ಕಿಟಕಿಯ ಕಡೆ ತಿರುಗಿದಳು.

‘ಅಷ್ಟೇನಾ?’

‘ನಾಲ್ಕು ಹಾಳೆ ಉಳಿದಿದೆ ಮಕ್ ಚಿಕ್. ನೀರು ಬಿದ್ದಿದೆಯಂತೆ, ಓದೋಕಾಗಲ್ವಂತೆ.’

ಅವಳು ಪುಸ್ತಕ ತೆಗೆದು, ಕೊನೆಯ ಹಾಳೆಗಳನ್ನು ಬಿಡಿಸಿ, ಅಂಗೈಯಿಂದ ಸವರಿದಳು. ‘ಎಪ್ಪತ್ತು ವರ್ಷ ಅಕ್ಕಿ ಡಬ್ಬದಲ್ಲಿ ಒಣಗೇ ಇದ್ದದ್ದು. ನೀರು ಪೆನಾಂಗ್‌ನಲ್ಲಿ ಬಿತ್ತಾ?’

ಜೆರಾಕ್ಸ್ ಸರಿಯಾಗಿ ಬಂದಿರಲಿಕ್ಕಿಲ್ಲ, ಮತ್ತೆ ಮಾಡಿಸಿ ಕಳಿಸಲೆ? ನಿಮಗೂ ಸಾಕಾಗಿರಬಹುದು. ಸಂಬಳವಿಲ್ಲದ ಎರಡನೆಯ ಕೆಲಸ ಯಾರಿಗೂ ಬೇಡ. ಒಂದು ಸಾಲು ಬರೆದರೆ ಸಾಕು.

ಅವಳು ಈಗ ನನಗೆ ಕಾಫಿ ಕೊಡುತ್ತಾಳೆ, ಮಾತಾಡುವುದಿಲ್ಲ. ತನ್ನ ಅಮ್ಮನಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ ಎಂದುಕೊಂಡಿದ್ದಾಳೆ. ಮುದುಕರ ಕೋಪ, ಇಳಿಯುತ್ತದೆ.

ಮುಕ್ತಾರ್


ಲಾಬುವಾನ್
11 ಜನವರಿ 2016

ತುಳಸಿ ಅವರಿಗೆ,

ನಾಲ್ಕು ತಿಂಗಳಿಂದ ನಿಮ್ಮ ಉತ್ತರವಿಲ್ಲ. ಈ ಪತ್ರ ಬೇರೆ ವಿಷಯಕ್ಕೆ.

ನಿನ್ನೆ ಅಂಗಡಿಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಯಾರೋ ಮುಸಾಶಿಯ ಮಾತೆತ್ತಿದರು. ಅವಳ ಜೊತೆ ಮಾತು ಶುರುಮಾಡಲು ಇದೇ ಸಮಯ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: ‘ಮಕ್ ಚಿಕ್‌ನ ಅಪ್ಪ ಅಬ್ದುಲ್ಲಾ ಅವರಿಗೆ ಆ ಹಡಗಿನವನೊಬ್ಬ ಸ್ನೇಹಿತ ಇದ್ದ.’

ಚಮಚಗಳು ನಿಂತವು. ದಾಯಾಂಗ್ ಒಳಗೆ ಹೋದಳು. ದೋಣಿಯ ಟಿಕೆಟ್ ಕೊಡುವವನು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ‘ಎನ್ಚಿಕ್, ನೀವು ಓದಿದವರು ಲಾ. ಇಷ್ಟೂ ಗೊತ್ತಿಲ್ವಾ? ಅಪ್ಪ ಯಾರು ಅಂತ ಬರೆಸೋಕಾಗದ ಮಕ್ಕಳಿಗೆ ಇಲ್ಲಿ ಅಬ್ದುಲ್ಲಾ ಅಂತ ಬರೀತಾರೆ. ಅವಳನ್ನ ಶಾಲೆಯಲ್ಲಿ ಜಪಾನಿ ಮಗು ಅಂತ ಕರೀತಿದ್ದರು. ಊರಿಗೆಲ್ಲ ಗೊತ್ತು. ಊರು ಅದರ ಕಡೆ ನೋಡಲ್ಲ, ಅಷ್ಟೇ.’

ಹೊನ್ನಾವರದ ನಮ್ಮ ಓಣಿಯಲ್ಲಿ ಮೂವರು ಅಬ್ದುಲ್ಲಾ ಇದ್ದರು. ಮೂವರೂ ನಿಜವಾಗಿ ಇದ್ದರು. ನನಗೆ ಹೇಗೆ ಹೊಳೆಯಬೇಕು? ಹತ್ತೊಂಬತ್ತು ವರ್ಷ ಈ ದೇಶದಲ್ಲಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.

ಅವಳು ಕೇಳಿದ್ದು ಏನೆಂದು ಈಗ ತಿಳಿಯಿತು. ಆ ನಾಲ್ಕು ಹಾಳೆಗಳನ್ನು ನಾನೂ ನೋಡಿದ್ದೇನೆ, ಮೂಲದಲ್ಲಿ. ಅವು ಒಣಗಿವೆ. ನಿಮ್ಮ ಬಳಿಯಿರುವ ಜೆರಾಕ್ಸೂ ಸ್ವಚ್ಛವಾಗಿದೆ ಎಂದು ನನ್ನ ಅನುಮಾನ. ನನ್ನ ಕೆಲಸ ಸೆಪ್ಟೆಂಬರಿಗೇ ಹೋಯಿತು, ಬಿಡಿ ಕೆಲಸ ಮಾಡಿಕೊಂಡು ಇಲ್ಲೇ ಉಳಿದಿದ್ದೇನೆ, ಪುಚೊಂಗ್‌ನಲ್ಲಿ ಹೇಳಿಲ್ಲ. ಇದನ್ನು ಯಾಕೆ ಬರೆದೆನೆಂದರೆ, ಮುಚ್ಚಿಡುವುದು ಹೇಗೆಂದು ನನಗೂ ಗೊತ್ತು ಎಂದು ನಿಮಗೆ ತಿಳಿದಿರಲಿ.

ಏನಿದೆ ಅದರಲ್ಲಿ?

ಮುಕ್ತಾರ್


ಬಯಾನ್ ಲೆಪಾಸ್
20 ಜನವರಿ 2016

ಮುಕ್ತಾರ್ ಅವರಿಗೆ,

ಹೌದು, ಒಣಗಿವೆ. ಜೂನ್ ತಿಂಗಳಲ್ಲೇ ಓದಿದ್ದೆ.

ತಂದೆ ಅಬ್ದುಲ್ಲಾ ಎಂದು ನೀವು ಬರೆದಿರಿ. ಹುಟ್ಟಿದ ತಿಂಗಳನ್ನೂ ಬರೆದಿರಿ. ನಾನು ಹಿಂದಕ್ಕೆ ಎಣಿಸಿದೆ. ಗಂಡನಿದ್ದ ಹೆಂಗಸು ಎಂದುಕೊಂಡೆ. ಎಪ್ಪತ್ತು ವರ್ಷದ ಮಗಳ ಎದುರು, ಸತ್ತ ತಾಯಿಯನ್ನು, ಒಬ್ಬ ಅಪರಿಚಿತ ಗಂಡಸಿನ ಬಾಯಿಯಿಂದ ಓದಿಸಿ ಹೇಳಿಸುವುದು ಬೇಡವೆನ್ನಿಸಿತು. ನನ್ನ ತಾಯಿಯ ಬಗ್ಗೆ ಹೀಗೆಯೇ ಒಬ್ಬರು ನನಗೆ ಹೇಳಿದ್ದರು, ಅವಳು ತೀರಿಕೊಂಡ ಹನ್ನೆರಡನೆಯ ದಿನ. ಸತ್ಯವನ್ನೇ ಹೇಳಿದ್ದರು. ಅವರನ್ನು ನಾನು ಈವರೆಗೂ ಕ್ಷಮಿಸಿಲ್ಲ. ನಿಮ್ಮ ದಾಯಾಂಗ್‌ಳನ್ನು ನನ್ನ ಜಾಗದಲ್ಲಿ ಕೂರಿಸಿದೆ. ಅವಳ ಜಾಗ ಯಾವುದೆಂದು ಕೇಳಲಿಲ್ಲ. ದೋಷಗಳ ವರದಿಯಲ್ಲಿ ಒಂದು ಅಲ್ಪವಿರಾಮವನ್ನೂ ಬಿಡದವಳು ನಾನು.

ಆಗಸ್ಟಿನ ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕುಳಿತಾಗಲೆಲ್ಲ ಇದನ್ನು ಬಿಟ್ಟು ಬೇರೇನೂ ಬರೆಯಲು ಇರಲಿಲ್ಲ.

ನಾಲ್ಕು ಹಾಳೆಯ ಪೂರ್ತಿ ಅನುವಾದವನ್ನು ಪ್ರತ್ಯೇಕವಾಗಿ ಇದರೊಂದಿಗೆ ಇಟ್ಟಿದ್ದೇನೆ. ಕೆಲವು ಸಾಲು ಇಲ್ಲೇ ಬರೆಯುತ್ತೇನೆ, ಕೈಯಿಂದ ಬರೆಯಬೇಕೆನ್ನಿಸಿದ್ದರಿಂದ.

‘ಅವಳು ಮೀನಿನ ಒಂದು ಬದಿ ಯಾವಾಗಲೂ ಸೀಯಿಸುತ್ತಾಳೆ. ಬೆಂಕಿಯ ತಪ್ಪು ಎನ್ನುತ್ತಾಳೆ. ಸೀದ ಬದಿಯನ್ನು ತನ್ನ ಕಡೆ ತಿರುಗಿಸಿಟ್ಟು ಬಡಿಸುತ್ತಾಳೆ.’

‘ಈಶಾನ್ಯ ನೋಡಿ ಬಂದೆ. ನಾಳೆ ಬರುತ್ತದೆ ಎಂದಳು. ಪ್ರತಿದಿನ ಹೇಳುತ್ತಾಳೆ. ಇಂದು ದೋಣಿಯವನೊಬ್ಬನಿಂದ ತಿಳಿಯಿತು, ಹಡಗು ಮುಳುಗಿ ಎಷ್ಟೋ ತಿಂಗಳಾಯಿತು, ದ್ವೀಪದ ಹೆಂಗಸರಿಗೆಲ್ಲ ಗೊತ್ತು. ಅವಳಿಗೂ ಗೊತ್ತು. ನಾನು ಬೆಳಿಗ್ಗೆ ಎದ್ದು ನಡೆಯಲಿ ಎಂದು ಹೇಳುತ್ತಿದ್ದಳು. ನನಗೆ ತಿಳಿಯಿತೆಂದು ಅವಳಿಗೆ ಹೇಳಲಿಲ್ಲ. ನಾಳೆಯೂ ಹೋಗಿ ನೋಡಿ ಬರುತ್ತೇನೆ.’

ಕೊನೆಯದು, 1945ರ ಜೂನ್ ಆರಂಭದ್ದು: ‘ಹುಟ್ಟುವುದಕ್ಕೆ ಏನು ಹೆಸರಿಡಲಿ ಎಂದು ಕೇಳಿದಳು. ಹಡಗು ಬಂದ ಮೇಲೆ ಹೇಳುತ್ತೇನೆ ಎಂದೆ. ಇಬ್ಬರೂ ನಕ್ಕೆವು. ಅವಳು ನಗುವುದನ್ನು ನಿಲ್ಲಿಸಲಿಲ್ಲ.’

ಅದರಾಚೆ ಖಾಲಿ. ಆಸ್ಟ್ರೇಲಿಯದ ಸೈನ್ಯ ಜೂನ್ ಹತ್ತರಂದು ಅಲ್ಲಿ ಇಳಿಯಿತು. ಅವನ ಹೆಸರು ಎಲ್ಲೂ ಇಲ್ಲ. ಮೂಲೆ ಕತ್ತರಿಸಿದವನು ಅವನೇ ಇರಬೇಕು.

ಅವಳಿಗೆ ನನ್ನ ತಪ್ಪೆಂದೇ ಹೇಳಿ. ನಿಮ್ಮ ಪಾಲನ್ನು ನೀವು ಬೇರೆ ಹೇಳಿಕೊಳ್ಳಿ.

ತುಳಸಿ


ಲಾಬುವಾನ್
6 ಫೆಬ್ರವರಿ 2016

ತುಳಸಿ ಅವರಿಗೆ,

ಮೂರು ದಿನ ಅಂಗಡಿಗೆ ಹೋಗಿ ಮೂರು ದಿನ ಹಾಗೇ ಬಂದೆ. ನಾಲ್ಕನೆಯ ದಿನ ಗಿರಾಕಿಗಳು ಹೋದ ಮೇಲೆ ಹೇಳಿದೆ. ನಿಮ್ಮ ತಪ್ಪು, ನನ್ನ ತಪ್ಪು, ಎರಡನ್ನೂ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

‘ಬೇಡ,’ ಎಂದಳು. ‘ಏನೂ ಇಲ್ಲ ಅಂದಿರಿ. ಅಮ್ಮನ ಗೋರಿಗೆ ಹೋಗಿ, ಏನೂ ಬರೆದಿಲ್ಲವಂತೆ ಅಂತ ಹೇಳಿ ಬಂದೆ. ಈಗ ಮತ್ತೆ ಹೋಗಿ, ಇಲ್ಲಮ್ಮ, ಬರೆದಿದ್ದಾನಂತೆ ಅನ್ನಲಾ? ಸತ್ತವರೇನು ನಿಮ್ಮ ಆಫೀಸಿನ ಜವಾನರಾ?’

ನಾನು ಎದ್ದೆ. ಬಾಗಿಲ ಬಳಿ ಬಂದಾಗ ಕರೆದಳು.

‘ಒಂದು ಹಾಳೆ. ಯಾವುದು ಅಂತ ನೀನೇ ಆರಿಸು. ಸರಿಯಿಲ್ಲದಿದ್ದರೆ ನಾಳೆಯಿಂದ ಬೇರೆ ಕಡೆ ಹೋಗಿ ತಿನ್ನು.’

ನಿಂತುಕೊಂಡೇ ನಾಲ್ಕನ್ನೂ ಓದಿಕೊಂಡೆ. ಹೆಸರು ಕೇಳಿದ ಹಾಳೆಯೋ, ಹಡಗಿನ ಸುದ್ದಿಯ ಹಾಳೆಯೋ ಎಂದು ತೂಗಿದೆ. ಎರಡೂ ನನ್ನ ಬಾಯಲ್ಲಿ ಬರುವಂಥವಲ್ಲ ಎನ್ನಿಸಿತು. ಮೀನಿನ ಹಾಳೆ ತೆಗೆದೆ. ಅವಳ ಕಡೆ ನೋಡದೆ ನಿಧಾನವಾಗಿ ಮಲಯದಲ್ಲಿ ಹೇಳಿದೆ: ಈ ಮನೆಯ ಹೆಂಗಸು ಮೀನಿನ ಒಂದು ಬದಿ ಯಾವಾಗಲೂ ಸೀಯಿಸುತ್ತಾಳೆ.

ಚಾಕು ನಿಂತಿತು.

‘ಸುಳ್ಳು,’ ಎಂದಳು.

ನಾನು ಹಾಳೆಯನ್ನು ಅವಳ ಕಡೆ ಹಿಡಿದೆ.

‘ಸುಳ್ಳು ಲಾ! ನಮ್ಮಮ್ಮ ಮೀನು ಸೀಯಿಸಿದ್ದೇ ಇಲ್ಲ. ಬೇಯೋವರೆಗೆ ಬಿಟ್ಟಿರಬೇಕಲ್ಲ ಇವನು? ಒಲೆ ಮುಂದೆ ಬಂದು ಕೂತು ಮಾತಾಡಿಸ್ತಾ ಇದ್ದರೆ ಯಾರ ಕೈಲಾದರೂ ಸೀಯುತ್ತೆ. ತಾನು ಮಾಡಿದ್ದು ಬರೆದಿದ್ದಾನಾ ಅದರಲ್ಲಿ? ಇಲ್ಲ ತಾನೇ? ಉಂಡ ಮನೆಯ ಬಗ್ಗೆ ಹೀಗೆ ಬರೀತಾರಾ? ಯಾವ ಊರಿನ ಬುದ್ಧಿ ಇದು?’

ಅವಳ ದನಿ ಏರಿತ್ತು. ಆಚೆ ಅಂಗಡಿಯವಳು ಇಣುಕಿ ನೋಡಿದಳು. ಈರುಳ್ಳಿಯ ಕೈಯಿಂದಲೇ ಮುಖ ಒರೆಸಿಕೊಂಡು, ಕಣ್ಣು ಉರಿದು, ಅದಕ್ಕೂ ಅವನನ್ನೇ ಬೈದಳು. ನನ್ನನ್ನಲ್ಲ. ಹೆಸರಿಲ್ಲದ್ದರಿಂದ ಬರೀ ‘ಈ ಮನುಷ್ಯ’ ಎಂದು, ಒಳಕೋಣೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿರುವವನನ್ನು ಬೈದ ಹಾಗೆ ಬೈದಳು.

ಆಮೇಲೆ ಸ್ಟೂಲು ಎಳೆದು ನನ್ನ ಎದುರು ಕುಳಿತು, ಉಳಿದ ಮೂರು ಹಾಳೆಗಳ ಕಡೆ ಗದ್ದ ತೋರಿಸಿದಳು.

‘ಇನ್ನೇನು ಸುಳ್ಳು ಬರೆದಿದ್ದಾನೆ? ಓದು.’

ಮುಕ್ತಾರ್